ಎಲ್‌ಎಲ್‌ಎಂಗೆ ಮೊದಲು ಎರಡು ವರ್ಷ ವಕೀಲಿಕೆ

ಪ್ರೀತಿಯ ತಂಗಿ,

ಧಾರವಾಡದಲ್ಲಿ ಐದು ವರ್ಷದ ಬಿಎ ಎಲ್‌ಎಲ್‌ಬಿ ಮುಗಿಸಿ, ನ್ಯೂಯಾರ್ಕಿನಲ್ಲಿ ಕಾನೂನಿನ ಸ್ನಾತಕೋತ್ತರ ಪದವಿಯಾದ ಎಲ್‌ಎಲ್‌ಎಂ ಸೀಟು ಪಡೆದಿರುವ ನೀವು, ಈ ಆಗಸ್ಟ್‌ನಲ್ಲೇ ಹೊರಡಬೇಕೇ ಅಥವಾ ಎರಡು ವರ್ಷ ವಕೀಲಿಕೆ ಮಾಡಿ ಬರಬೇಕೇ ಎಂದು ಕೇಳಿದ್ದೀರಿ. ವಕೀಲಿಕೆ ಮಾಡಿಯೇ ಬನ್ನಿ. ನಾನು ಕಾಲೇಜಿನಿಂದ ನೇರವಾಗಿ ಇಲ್ಲಿಗೆ ಬಂದವಳು, ಆದ್ದರಿಂದಲೇ ಇಷ್ಟು ಖಚಿತವಾಗಿ ಹೇಳುತ್ತಿದ್ದೇನೆ.

ಎಂಜಿನಿಯರಿಂಗ್‌ನಲ್ಲಿ ಎಂಎಸ್ ಮಾಡಿದವರಿಗೆ ಓದಿನ ನಂತರ 12 ತಿಂಗಳ ಓಪಿಟಿಯ, ಅಂದರೆ ವಿದ್ಯಾರ್ಥಿ ವೀಸಾದಲ್ಲೇ ಇಲ್ಲಿ ಕೆಲಸ ಮಾಡುವ ಅನುಮತಿಯ, ಮೇಲೆ ಇನ್ನೂ 24 ತಿಂಗಳ ವಿಸ್ತರಣೆ ಸಿಗುತ್ತದೆ. ಕಾನೂನು ಓದಿದವರಿಗೆ ಆ 12 ತಿಂಗಳಷ್ಟೇ. ಕೋರ್ಸ್ ಮುಗಿಯುವುದು ಮೇ ತಿಂಗಳಲ್ಲಿ, ಇಲ್ಲಿ ವಕೀಲರಾಗಲು ಬರೆಯಬೇಕಾದ ಬಾರ್ ಪರೀಕ್ಷೆ ನಡೆಯುವುದು ಜುಲೈ ಕೊನೆಗೆ, ಫಲಿತಾಂಶ ಬರುವಾಗ ಅಕ್ಟೋಬರ್ ಆಗಿರುತ್ತದೆ. ಓಪಿಟಿ ಮಾತ್ರ ಕೋರ್ಸ್ ಮುಗಿದ 60 ದಿನಗಳೊಳಗೆ ಆರಂಭವಾಗಲೇಬೇಕು, ಮತ್ತು ಆ ಅವಧಿಯಲ್ಲಿ ಕೆಲಸವಿಲ್ಲದೆ ಇರಬಹುದಾದದ್ದು ಒಟ್ಟು 90 ದಿನ. ಹೀಗಾಗಿ ಫಲಿತಾಂಶ ಕೈಸೇರುವ ಹೊತ್ತಿಗೆ ಆ ದಿನಗಳು ಬಹುಪಾಲು ಕರಗಿಹೋಗಿರುತ್ತವೆ.

ನಾನು ಫ್ರಿಜ್ಜಿನ ಬಾಗಿಲಿಗೆ ಕ್ಯಾಲೆಂಡರ್ ಅಂಟಿಸಿ, ಕೆಲಸವಿಲ್ಲದೆ ಕಳೆದ ಪ್ರತಿ ದಿನವನ್ನೂ ಕೆಂಪು ಪೆನ್ನಿನಿಂದ ಹೊಡೆದುಹಾಕುತ್ತಿದ್ದೆ. 71ನೆಯ ದಿನ ಒಂದು ಸಣ್ಣ ವಕೀಲರ ಕಚೇರಿಯಲ್ಲಿ ಸಂದರ್ಶನವಿತ್ತು. ಅಲ್ಲಿನ ಹಿರಿಯರು ನನ್ನ ಅಂಕಪಟ್ಟಿಯನ್ನು ಪಕ್ಕಕ್ಕಿಟ್ಟು, ನೀವೇ ಕರಡು ಬರೆದು ನ್ಯಾಯಾಲಯಕ್ಕೆ ಸಲ್ಲಿಸಿದ ಒಂದು ಅರ್ಜಿಯ ಬಗ್ಗೆ ಹೇಳಿ ಎಂದರು. ನನ್ನ ಬಳಿ ಇದ್ದದ್ದು ಕಾಲೇಜಿನ ಮೂಟ್ ಕೋರ್ಟ್ (ಅಣಕು ನ್ಯಾಯಾಲಯ) ಬಹುಮಾನಗಳು ಮಾತ್ರ. ವಿಚಾರಣಾ ನ್ಯಾಯಾಲಯದಲ್ಲಿ ಎರಡು ವರ್ಷ ಪಾಟೀಸವಾಲು ಮಾಡಿ ಬಂದಿದ್ದ ನನ್ನ ಸಹಪಾಠಿಗೆ ಆ ಕೆಲಸ ಸಿಕ್ಕಿತು. ಅದು ನ್ಯಾಯವೇ ಆಗಿತ್ತು. ನಾನು ವಾರಕ್ಕೆ 20 ಗಂಟೆಗೂ ಹೆಚ್ಚು ಸಂಬಳವಿಲ್ಲದೆ ದುಡಿದು ವೀಸಾ ಉಳಿಸಿಕೊಂಡೆ.

ನೀವು ರಾಜ್ಯ ವಕೀಲರ ಪರಿಷತ್ತಿನಲ್ಲಿ ವಕೀಲಿಕೆಯ ಪರವಾನಗಿಯಾದ ಸನದು ಪಡೆದು, ಅಖಿಲ ಭಾರತ ಬಾರ್ ಪರೀಕ್ಷೆ ಮುಗಿಸಿ, ಹೈಕೋರ್ಟಿನ ಧಾರವಾಡ ಪೀಠದಲ್ಲಿ ಒಳ್ಳೆಯ ಹಿರಿಯ ವಕೀಲರ ಕೈಕೆಳಗೆ ಸೇರಿಕೊಳ್ಳಿ. ವಕಾಲತ್ತು ಹಾಕುವುದರಿಂದ ಹಿಡಿದು ಮೇಲ್ಮನವಿಯ ಕರಡಿನವರೆಗೆ ಅಲ್ಲಿ ಕೈಗೆ ಹತ್ತುವ ಕೆಲಸವನ್ನು ಇಲ್ಲಿನ ಯಾವ ತರಗತಿಯೂ ಕಲಿಸುವುದಿಲ್ಲ. ಇನ್ನೊಂದು ಮಾತು: ತಮ್ಮ ದೇಶದಲ್ಲಿ ಸನದು ಪಡೆದ ವಕೀಲರು ಅಮೆರಿಕದ ಪದವಿ ಇಲ್ಲದೆಯೂ ಕ್ಯಾಲಿಫೋರ್ನಿಯಾದ ಬಾರ್ ಪರೀಕ್ಷೆಗೆ ಕೂರಬಹುದು. ಇಂಗ್ಲಿಷ್ ಭಾಷಾ ಪರೀಕ್ಷೆಯಾದ ಟೋಫೆಲ್ ಅಂಕಗಳಿಗೆ ಎರಡು ವರ್ಷ ಮಾತ್ರ ಮಾನ್ಯತೆ ಇರುವುದರಿಂದ ಅದನ್ನು ಮತ್ತೆ ಬರೆಯಬೇಕಾಗಬಹುದು. ಅದು ದೊಡ್ಡ ವಿಷಯವಲ್ಲ.

ತಂದೆಯವರು ಹೊಲ ಅಡವಿಡಲು ಸಿದ್ಧರಿದ್ದಾರೆ ಎಂದು ಬರೆದಿದ್ದೀರಿ. ಅದನ್ನು ಓದಿ ನನಗೆ ಸಂಕಟವಾಯಿತು. ನ್ಯೂಯಾರ್ಕಿನ ದೊಡ್ಡ ಖಾಸಗಿ ಕಾಲೇಜುಗಳಲ್ಲಿ ಎಲ್‌ಎಲ್‌ಎಂ ಬೋಧನಾ ಶುಲ್ಕವೇ 70 ಸಾವಿರ ಡಾಲರ್ ದಾಟಿದೆ, ಬಾಡಿಗೆ ಮತ್ತು ಊಟದ ಖರ್ಚು ಬೇರೆ. ಸೀಟಿನ ಮುಂಗಡ ಕಟ್ಟುವ ಮೊದಲೇ, ಪ್ರವೇಶವನ್ನು ಮುಂದೂಡಲು ಸಾಧ್ಯವೇ ಎಂದು ಕಾಲೇಜಿಗೆ ಈ ವಾರವೇ ಪತ್ರ ಬರೆಯಿರಿ. ಅವರು ಒಪ್ಪದಿದ್ದರೂ ಎರಡು ವರ್ಷದ ನಂತರ ಹೊಸದಾಗಿ ಅರ್ಜಿ ಹಾಕಬಹುದು, ಆ ಅರ್ಜಿಯನ್ನು ಓದಿ ತಿದ್ದಿಕೊಡಲು ನಾನಿದ್ದೇನೆ.