ನನ್ನ ಹಳೆಯ ಡೆಲ್ ಆಪ್ಟಿಪ್ಲೆಕ್ಸ್ 9020 ಟವರ್ ಕಂಪ್ಯೂಟರ್ (ಐ5-4590 ಪ್ರೊಸೆಸರ್) ಆನ್ ಆಗುತ್ತಿಲ್ಲ. ಅಂಗಡಿಯಿಂದ ತಂದ ಹೊಸ 450 ವ್ಯಾಟಿನ ಎಟಿಎಕ್ಸ್ ಪವರ್ ಸಪ್ಲೈಯ ಪ್ಲಗ್ಗೇ ಕೂರುತ್ತಿಲ್ಲ, ಏನು ಮಾಡಲಿ?

ಮೊದಲು, ಆ ಪ್ಲಗ್ಗನ್ನು ಒತ್ತಿ ಕೂರಿಸಲು ಹೋಗಬೇಡಿ. ನೀವು ತಂದದ್ದು ಎಟಿಎಕ್ಸ್, ಅಂದರೆ ಸಾಮಾನ್ಯ ಡೆಸ್ಕ್‌ಟಾಪುಗಳಿಗೆ ಹಾಕುವ ಮಾಮೂಲಿ ಸಪ್ಲೈ, ಅದರ ಮುಖ್ಯ ಪ್ಲಗ್ 24 ಪಿನ್ನಿನದು. ನಿಮ್ಮ ಮದರ್‌ಬೋರ್ಡಿನಲ್ಲಿರುವುದು 8 ಪಿನ್. ಹೊಸ ಸಪ್ಲೈನಲ್ಲಿ ಪ್ರೊಸೆಸರಿಗೆಂದು ಇನ್ನೊಂದು 8 ಪಿನ್ ಪ್ಲಗ್ ಇರುತ್ತದೆ. ಎಣಿಕೆ ಸರಿಹೋಯಿತು ಅಂತ ಅದನ್ನು ಅಲ್ಲಿ ತೂರಿಸಿದರೆ ಬೋರ್ಡೇ ಸುಟ್ಟುಹೋಗಬಹುದು.

ವ್ಯತ್ಯಾಸ ಪ್ಲಗ್ಗಿನ ಆಕಾರದಲ್ಲಿ ಮಾತ್ರ ಇಲ್ಲ. ಮಾಮೂಲಿ ಸಪ್ಲೈ 12, 5, 3.3 ವೋಲ್ಟ್ ಮೂರನ್ನೂ ಕೊಡುತ್ತದೆ. ನಿಮ್ಮ ಹಳೆಯ ಡೆಲ್ ಸಪ್ಲೈ ಕೊಡುವುದು ಬರೀ 12. ಉಳಿದದ್ದನ್ನು ಬೋರ್ಡ್ ತಾನೇ ಮಾಡಿಕೊಳ್ಳುತ್ತದೆ. ಹಾರ್ಡ್ ಡಿಸ್ಕಿನ ಪವರ್ ವೈರು ಬೋರ್ಡಿನಿಂದಲೇ ಹೊರಟಿದೆ, ನೋಡಿದ್ದೀರಾ? ಕಾರಣ ಇದೇ.

ಅಂಗಡಿಯವರು ಆ ಸಪ್ಲೈ ವಾಪಸ್ ತಗೊಂಡರೆ ಕೊಟ್ಟುಬಿಡಿ. ಆದರೆ ಬೇರೆ ಕೊಳ್ಳುವ ಮುಂಚೆ ಹಳೆಯದು ನಿಜಕ್ಕೂ ಸತ್ತಿದೆಯಾ ನೋಡಿ. ಯುಪಿಎಸ್ ಬಿಟ್ಟು ನೇರ ಗೋಡೆಯ ಸಾಕೆಟ್ಟಿಗೆ ಹಾಕಿ. ಹಿಂಭಾಗದಲ್ಲಿ, ಪವರ್ ವೈರ್ ಚುಚ್ಚುವ ಜಾಗದ ಹತ್ತಿರ ಚಿಕ್ಕ ಬಟನ್ ಇದೆ, ಜೊತೆಗೊಂದು ಪುಟ್ಟ ದೀಪ. ಒತ್ತಿದಾಗ ಹಸಿರು ದೀಪ ಹತ್ತಿದರೆ ಸಪ್ಲೈ ಚೆನ್ನಾಗಿದೆ. ಹತ್ತದಿದ್ದರೆ ಕರೆಂಟ್ ತೆಗೆದು, ಬೋರ್ಡಿಗೆ ಹೋಗುವ ಎರಡೂ ಪ್ಲಗ್ ಬಿಚ್ಚಿ, ಮತ್ತೆ ಕರೆಂಟ್ ಕೊಟ್ಟು ಒತ್ತಿ. ಈಗ ಹತ್ತಿತಾ? ಹಾಗಾದರೆ ತೊಂದರೆ ಬೋರ್ಡಿನಲ್ಲೋ ಅದಕ್ಕೆ ಸೇರಿಸಿದ ಯಾವುದೋ ಭಾಗದಲ್ಲೋ ಇದೆ. ಆಗಲೂ ಹತ್ತದಿದ್ದರೆ ಮಾತ್ರ ಸಪ್ಲೈ ಹೋಗಿದೆ ಅನ್ನಿ. ಈ ಬಟನ್ ಇರುವುದೇ ಎಷ್ಟೋ ಜನರಿಗೆ ಗೊತ್ತಿಲ್ಲ, ಸುಮ್ನೆ ದುಡ್ಡು ಕಳೆದುಕೊಳ್ಳುತ್ತಾರೆ.

ಹೋಗಿದ್ದರೆ, ಇದೇ ಮಾಡೆಲ್ಲಿನ 290 ವ್ಯಾಟಿನ ಸಪ್ಲೈ ಹುಡುಕಿ ಎಂಬುದು ನನ್ನ ಸಲಹೆ. ಆಫೀಸುಗಳಿಂದ ಬಂದ ಹಳೆ ಮೆಷಿನ್ ಬಿಚ್ಚಿ ಮಾರುವವರ ಹತ್ತಿರ ಸಿಗುತ್ತದೆ. ಬೆಂಗಳೂರಿನವರಾದರೆ ಎಸ್.ಪಿ. ರೋಡಿನಲ್ಲಿ ಕೇಳಿ. ಹಳೆಯದನ್ನು ಜೊತೆಗೇ ಒಯ್ದು ಲೇಬಲ್ಲಿನ ಪಾರ್ಟ್ ನಂಬರ್ ತಾಳೆ ನೋಡಿ. ನಿಮ್ಮದು ಟವರ್. ಚಿಕ್ಕ ಡಬ್ಬಿಯ 9020ರ 255 ವ್ಯಾಟಿನದು ಅಳತೆಗೆ ಕೂರುವುದಿಲ್ಲ. 290 ಕಡಿಮೆ ಅನ್ನಿಸಬಹುದು, ಆದರೆ ನಿಮ್ಮ ಐ5-4590 ಪ್ರೊಸೆಸರ್ 84 ವ್ಯಾಟಿನದು, ಧಾರಾಳವಾಗಿ ಸಾಕು.

ದೊಡ್ಡ ಗ್ರಾಫಿಕ್ಸ್ ಕಾರ್ಡ್ ಹಾಕುವ ಆಸೆ ಇದ್ದರೆ ಮಾತ್ರ ಎಟಿಎಕ್ಸ್ ಸಪ್ಲೈ ಇಟ್ಟುಕೊಂಡು 24ರಿಂದ 8 ಪಿನ್ನಿನ ಅಡಾಪ್ಟರ್ ತಗೊಳ್ಳಿ. ಅದು ಈ ಮಾಡೆಲ್ಲಿಗೇ ಮಾಡಿದ್ದಾಗಿರಬೇಕು. ಲೆನೊವೊದಲ್ಲಿ 14 ಪಿನ್, ಎಚ್‌ಪಿಯಲ್ಲಿ 6 ಪಿನ್ ಇರುವ ಮಾಡೆಲ್ಲುಗಳೂ ಇವೆ, ಒಂದರದ್ದು ಇನ್ನೊಂದಕ್ಕೆ ಆಗುವುದಿಲ್ಲ.

ಬದಲಿಸುವುದು ಕಷ್ಟವಲ್ಲ. ಕರೆಂಟ್ ವೈರ್ ಕಿತ್ತು, ಪವರ್ ಬಟನ್ನನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ. ವೈರುಗಳ ಫೋಟೋ ತೆಗೆದುಕೊಳ್ಳಿ. ಪ್ಲಗ್ಗಿನ ಕೊಕ್ಕೆ ಅದುಮಿ ಎಳೆಯಿರಿ, ವೈರು ಹಿಡಿದು ಜಗ್ಗಬೇಡಿ. ಹಿಂದಿನ ಸ್ಕ್ರೂಗಳನ್ನು ಬಿಚ್ಚಿ, ಪಕ್ಕದ ಕ್ಲಿಪ್ ಒತ್ತಿದರೆ ಸಪ್ಲೈ ಸರಿದು ಬರುತ್ತದೆ. ಸತ್ತ ಸಪ್ಲೈಯನ್ನು ರಿಪೇರಿ ಮಾಡೋಣ ಅಂತ ತೆರೆಯಲೇಬೇಡಿ. ನಮ್ಮ 230 ವೋಲ್ಟ್ ಅದರೊಳಗೆ ಸುಮಾರು 325 ವೋಲ್ಟ್ ಡಿಸಿ ಆಗಿ ಕೆಪಾಸಿಟರಿನಲ್ಲಿ ಕೂತಿರುತ್ತದೆ, ಪ್ಲಗ್ ತೆಗೆದ ಮೇಲೂ ಉಳಿದಿರಬಹುದು.

ಹೇಗೂ ಕಂಪ್ಯೂಟರಿನ ಕ್ಯಾಬಿನೆಟ್ ತೆರೆದಿರುತ್ತೀರಲ್ವಾ, ಗಡಿಯಾರ ನಡೆಸುವ, ಬೋರ್ಡಿನ ಮೇಲಿನ ನಾಣ್ಯದಂಥ ಸಿಆರ್2032 ಬ್ಯಾಟರಿಯನ್ನೂ ಬದಲಿಸಿ. ಆಮೇಲೆ ಮೊದಲ ಸಲ ಆನ್ ಮಾಡಿದಾಗ ತಾರೀಕು, ಟೈಮ್ ಕೇಳಿದರೆ ಗಾಬರಿಯಾಗಬೇಡಿ, ಹಾಕಿ ಸೇವ್ ಮಾಡಿ.