ಕಷ್ಟದ ಶಿಫ್ಟ್ ಸಿಕ್ಕರೆ ಸೀಟು ಹೋಗುತ್ತಾ? ಟ್ಯಾಂಕಿನ ನೆರಳಲ್ಲಿ ಸೋಲಾರ್ ಹಾಕಬಹುದಾ?

ಪ್ರಶ್ನೆ: ಮಗಳು ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಬಿ.ಎಸ್ಸಿ. ಸೇರಬೇಕೆಂದು ಸಿಯುಇಟಿ (ಕೇಂದ್ರೀಯ ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆ) ಬರೆದಳು. ಅವಳ ಶಿಫ್ಟ್‌ನಲ್ಲಿ ಫಿಸಿಕ್ಸ್ ತುಂಬಾ ಕಷ್ಟ ಇತ್ತಂತೆ, ಬೆಳಿಗ್ಗೆ ಬರೆದವರಿಗೆ ಸುಲಭ. ಇದು ಅನ್ಯಾಯ ಅಲ್ವಾ?
– ಓದುಗರೊಬ್ಬರು, ಆಳಂದ

ಉತ್ತರ: ಬಂದ ಅಂಕವನ್ನು ಹಾಗೇ ಹೋಲಿಸಿದ್ದರೆ ಖಂಡಿತ ಅನ್ಯಾಯ. ಆದರೆ ಹಾಗೆ ಮಾಡುವುದಿಲ್ಲ. ಮೊದಲು ಪ್ರತಿ ಶಿಫ್ಟ್‌ನಲ್ಲಿ ಯಾರು ಎಷ್ಟು ಮಂದಿಗಿಂತ ಮುಂದಿದ್ದಾರೆ ಎಂದು ನೋಡುತ್ತಾರೆ. ಅದೇ ಪರ್ಸೆಂಟೈಲ್. ಬೆಳಗಿನ ಶಿಫ್ಟ್‌ನಲ್ಲಿ 170 ಅಂಕಕ್ಕೆ 90 ಪರ್ಸೆಂಟೈಲ್ ಬಂತು, ಮಧ್ಯಾಹ್ನ 146ಕ್ಕೇ ಬಂತು ಅಂತಿಟ್ಟುಕೊಳ್ಳಿ. ಇಬ್ಬರಿಗೂ ಆ ಎರಡರ ಸರಾಸರಿ ಕೊಡುತ್ತಾರೆ, ಅಂದರೆ 158. ಬೆಳಗಿನವನು ‘ನನ್ನ 12 ಅಂಕ ಹೋಯ್ತು’ ಅನ್ನುತ್ತಾನೆ. ಅವನ ಸ್ಥಾನ ಮಾತ್ರ ಕದಲಿಲ್ಲ.

ಎರಡೂ ಶಿಫ್ಟ್‌ಗೆ ಮಕ್ಕಳು ಹೆಚ್ಚಿದ್ದು, ಎಲ್ಲ ಥರದವರೂ ಬೆರೆತಿದ್ದರೆ ಈ ಲೆಕ್ಕ ಸರಿಯಾಗಿ ಕೂಡಿಬರುತ್ತದೆ. ಕಡಿಮೆ ಮಂದಿ ಬರೆಯುವ ವಿಷಯಗಳಲ್ಲಿ ಸ್ವಲ್ಪ ಏರುಪೇರು ಆಗಬಹುದು. ಫಿಸಿಕ್ಸ್‌ಗೆ ಆ ಭಯ ಕಡಿಮೆ. ಪೇಪರ್ ಕನ್ನಡದಲ್ಲೂ ಸಿಗುತ್ತದೆ, ನಮ್ಮ ಪಿಯು ಮಕ್ಕಳು ಓದುವುದೂ ಎನ್‌ಸಿಇಆರ್‌ಟಿ ಪಠ್ಯವನ್ನೇ. ನನ್ನ ತಕರಾರು ಬೇರೆ. ಕೋಚಿಂಗಿಗೆ ದುಡ್ಡು ಸುರಿದ ಮನೆಯ ಮಗುವಿಗೂ ಅದಿಲ್ಲದ ಮಗುವಿಗೂ ಇರುವ ಅಂತರ ಯಾವ ಪರ್ಸೆಂಟೈಲಿಗೂ ಕಾಣಿಸುವುದಿಲ್ಲ.

ಪ್ರಶ್ನೆ: ನಮ್ಮದು 30×40 ಸೈಟಿನ ಮನೆ. ತಿಂಗಳಿಗೆ 300 ಯೂನಿಟ್ ಮೇಲೆ ಬರುತ್ತೆ. 3 ಕಿಲೋವಾಟ್ ಸೋಲಾರ್ ಹಾಕಿಸಿ, ಕರೆಂಟ್ ಹೋದರೂ ಚಿಂತೆ ಇಲ್ಲ ಅಂತಾರೆ. ನಂಬಬಹುದಾ?
– ಓದುಗರೊಬ್ಬರು, ಮೈಸೂರು

ಉತ್ತರ: ಅರ್ಧ ನಂಬಿ. ಮಾಮೂಲಿ ಆನ್-ಗ್ರಿಡ್ ಸೋಲಾರ್, ಅಂದರೆ ಬೀದಿಯ ಕರೆಂಟ್ ಲೈನಿಗೆ (ಗ್ರಿಡ್‌ಗೆ) ಜೋಡಿಸಿದ್ದು, ಕರೆಂಟ್ ಹೋದ ಕೂಡಲೇ ತಾನೂ ನಿಲ್ಲುತ್ತದೆ. ಸುಡು ಬಿಸಿಲಿದ್ದರೂ ಅಷ್ಟೇ. ಕಂಬ ಹತ್ತಿ ರಿಪೇರಿ ಮಾಡುವ ಲೈನ್‌ಮನ್‌ಗೆ ನಿಮ್ಮ ಮನೆಯಿಂದ ಶಾಕ್ ಹೊಡೆಯಬಾರದಲ್ಲ! ಕರೆಂಟ್ ಹೋದಾಗಲೂ ಫ್ಯಾನ್ ತಿರುಗಬೇಕು ಅಂದರೆ ಗ್ರಿಡ್‌ಗೂ ಬ್ಯಾಟರಿಗೂ ಹೊಂದುವ ಹೈಬ್ರಿಡ್ ಇನ್ವರ್ಟರ್, ಬ್ಯಾಟರಿ ಎರಡೂ ಬೇಕು. ಖರ್ಚು ಜಾಸ್ತಿ.

3 ಕಿಲೋವಾಟ್‌ಗೆ ಸುಮಾರು 300 ಚದರಡಿ ಜಾಗ ಬೇಕು, ಅದೂ ನೆರಳಿಲ್ಲದ ಜಾಗ. ನಮ್ಮ ಕಡೆ ವರ್ಷದ ಸರಾಸರಿ ಹಿಡಿದರೆ ದಿನಕ್ಕೆ 12 ಯೂನಿಟ್ ಆಸುಪಾಸು ಬರುತ್ತದೆ. ಮಳೆಗಾಲದಲ್ಲಿ ಕಡಿಮೆ, ಬೇಸಿಗೆಯಲ್ಲಿ ಹೆಚ್ಚು. ಹೆಚ್ಚಾದದ್ದು ಗ್ರಿಡ್‌ಗೆ ಹೋಗಿ, ಕೊಟ್ಟದ್ದು-ಪಡೆದದ್ದು ಎರಡನ್ನೂ ಅಳೆಯುವ ನೆಟ್ ಮೀಟರಿನಲ್ಲಿ ಲೆಕ್ಕಕ್ಕೆ ಸೇರುತ್ತದೆ.

ಜನ ಎಡವುವುದು ನೆರಳಿನಲ್ಲಿ. ಪ್ಯಾನೆಲ್‌ಗಳನ್ನು ಸಾಲಾಗಿ ಜೋಡಿಸಿರುತ್ತಾರೆ. ಸಿಂಟೆಕ್ಸ್ ಟ್ಯಾಂಕಿನ ನೆರಳು ಒಂದರ ಮೂಲೆಗೆ ಬಿದ್ದರೂ ಆ ಸಾಲಿಗೇ ಪೆಟ್ಟು. ಹಾಗಾಗಿ ಕೊಟೇಶನ್‌ಗೆ ಸಹಿ ಹಾಕುವ ಮೊದಲು ಬೆಳಿಗ್ಗೆ ಒಂಬತ್ತಕ್ಕೆ, ಮತ್ತೆ ಸಂಜೆ ನಾಲ್ಕಕ್ಕೆ ತಾರಸಿ ಹತ್ತಿ. ಟ್ಯಾಂಕು, ಮೆಟ್ಟಿಲ ಕೋಣೆ, ಪಕ್ಕದ ಮನೆಯ ತೆಂಗಿನಮರದ ನೆರಳು ಎಲ್ಲೆಲ್ಲಿ ಬೀಳುತ್ತದೆ ಅಂತ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ನೆರಳು ಇನ್ನೂ ಉದ್ದ. ಗೆರೆಯ ಆಚೆ 300 ಚದರಡಿ ಉಳಿಯದಿದ್ದರೆ 2 ಕಿಲೋವಾಟೇ ಸಾಕು. ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಿ, ಸುಮಾರು 12ರಿಂದ 15 ಡಿಗ್ರಿ ಓರೆಯಾಗಿರಲಿ.

2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 2 ಕಿಲೋವಾಟ್‌ಗೆ 60,000 ರೂ., 3 ಮತ್ತು ಅದಕ್ಕಿಂತ ಹೆಚ್ಚಿಗೆ 78,000 ರೂ. ಸಬ್ಸಿಡಿ ನಿಗದಿಯಾಗಿದೆ. ಪ್ಯಾನೆಲ್ ಭಾರತದಲ್ಲೇ ತಯಾರಾದದ್ದಿರಬೇಕು. ಬಿಲ್ಲಿನಲ್ಲಿ ಅದನ್ನು ಬರೆಸಿಕೊಳ್ಳಿ.

ಇದನ್ನು ಓದುತ್ತಿರುವ ಉಳಿದವರಿಗೆ ಒಂದು ಮಾತು: ಗೃಹಜ್ಯೋತಿಯಲ್ಲಿ ನಿಮಗೆ ಸೊನ್ನೆ ಬಿಲ್ ಬರುತ್ತಿದ್ದರೆ, ಪಕ್ಕದ ಮನೆಯವರು ಹಾಕಿಸಿದರು ಅಂತ ಸುಮ್ನೆ ಸಾಲ ಮಾಡಬೇಡಿ.