ಮನೆ ಎಲ್ಲಿ ಮಾಡೋಣ ಅಂತ ಕೇಳಲು ಬಂದಿದ್ದರು

ಊರು ಬಿಟ್ಟು ಬೆಂಗಳೂರಿಗೆ ಹೋಗಬೇಕಾದರೆ ಮನೆ ಎಲ್ಲಿ ಮಾಡೋಣ ಅಂತ ನನ್ನ ಹತ್ತಿರ ಸಲಹೆ ಕೇಳಲು ಬಂದ ಒಂದು ಕುಟುಂಬದ ಕಥೆ ಇದು. ಹೆಸರು ಹಾಕಿಲ್ಲ. ಊರು, ಕೆಲಸದ ವಿವರ ಬದಲಿಸಿದ್ದೇನೆ. ಅವರ ಒಪ್ಪಿಗೆ ತೆಗೆದುಕೊಂಡೇ ಬರೆಯುತ್ತಿದ್ದೇನೆ, ಯಾಕಂದ್ರೆ ಕೊಡಗಿನಲ್ಲಿ ಇದೇ ಪ್ರಶ್ನೆ ಹೊತ್ತು ನನ್ನ ಹತ್ತಿರ ಬರುವವರು ಇವರೊಬ್ಬರೇ ಅಲ್ಲ.

ಸುಂಟಿಕೊಪ್ಪದ ಕಡೆಯ ಮನೆ ಅಂದುಕೊಳ್ಳಿ. ಐದು ಎಕರೆ ರೊಬಸ್ಟಾ ಕಾಫಿ, ಮರಗಳಿಗೆ ಹಬ್ಬಿಸಿದ ಕರಿಮೆಣಸು. ಅಪ್ಪ, ಅಮ್ಮ, ಮಗ, ಸೊಸೆ, ಆರು ವರ್ಷದ ಮೊಮ್ಮಗಳು. ಮಗನದು ಬೆಂಗಳೂರಿನ ಕಂಪನಿ ಕೆಲಸ. 2020ರ ಲಾಕ್‌ಡೌನ್‌ನಲ್ಲಿ ಲ್ಯಾಪ್‌ಟಾಪ್ ಹಿಡಿದು ಊರಿಗೆ ಬಂದವರು ಅಲ್ಲೇ ಉಳಿದಿದ್ದರು. ಈಗ ಕಂಪನಿಯವರು ವಾರಕ್ಕೆ ನಾಲ್ಕು ದಿನ ವೈಟ್‌ಫೀಲ್ಡ್ ಆಫೀಸಿಗೆ ಬರಲೇಬೇಕು ಅಂದಿದ್ದಾರೆ. ಸೊಸೆ ಊರ ಹತ್ತಿರದ ಶಾಲೆಯಲ್ಲಿ ಟೀಚರ್.

ಗಂಡ ಹೆಂಡತಿ ಇಬ್ಬರೂ ಬಂದಿದ್ದರು. ಮಾತಾಡಿದ್ದು ಪೂರ್ತಿ ಗಂಡನೇ. ಮೊಬೈಲ್‌ನಲ್ಲಿ ಲೆಕ್ಕ ಬರೆದುಕೊಂಡು ಬಂದಿದ್ದರು. ಒಂದು, ಆಫೀಸಿನ ಪಕ್ಕದಲ್ಲೇ ಎಂಟನೇ ಮಹಡಿಯ ಫ್ಲಾಟ್. ಎರಡು, ಕೆಂಗೇರಿಯಲ್ಲಿ ಅಣ್ಣನ ಮನೆಯ ಮೇಲಿನ ಮಹಡಿ, ಅಲ್ಲಿಂದ ಊರಿಗೆ ಹೊರಡುವುದು ಸುಲಭ. ಮೂರು, ಹೆಂಡತಿ ಮಗಳು ಊರಲ್ಲೇ ಇರುವುದು, ತಾನು ಪೀಜಿ ಹಿಡಿಯುವುದು. ಎಲ್ಲಿದ್ದರೂ ಶುಕ್ರವಾರ ರಾತ್ರಿ ಬಸ್ ಹತ್ತಿ ವಾರ ವಾರ ಬರ್ತೀನಿ ಅಂತ ಅಪ್ಪನಿಗೆ ಮಾತು ಕೊಟ್ಟಾಗಿತ್ತು. ಇದರ ಮೇಲೆ ಒಂದು ಎಕರೆ ತೋಟ ಮಾರಿ ಫ್ಲಾಟ್ ಬುಕ್ ಮಾಡಿಬಿಡೋಣವಾ ಅನ್ನುವ ಯೋಚನೆ ಬೇರೆ.

ಹೆಂಡತಿಯನ್ನು ಕೇಳಿದೆ. "ಅವರಿಗೆ ಎಲ್ಲಿ ಅನುಕೂಲವೋ ಅಲ್ಲಿ ಮೇಡಂ" ಅಂದರು. ಈ ಮಾತು ಕೇಳಿದಾಗೆಲ್ಲ ನಾನು ಅಲ್ಲಿಗೇ ನಿಲ್ಲಿಸಿಬಿಡುತ್ತೇನೆ.

ಇಬ್ಬರಿಗೂ ಬೇರೆ ಬೇರೆ ಹಾಳೆ ಕೊಟ್ಟೆ. ಬೆಳಿಗ್ಗೆ ಐದರಿಂದ ರಾತ್ರಿ ಹತ್ತರವರೆಗೆ ಗಂಟೆ ಗುರುತು ಹಾಕಿ, ಪ್ರತಿ ಜಾಗದಲ್ಲೂ ಒಂದು ಮಂಗಳವಾರ ಹೇಗಿರುತ್ತೆ, ಯಾರು ಎಲ್ಲಿರುತ್ತೀರಿ, ಯಾರ ಜೊತೆ ಮಾತಾಡುತ್ತೀರಿ, ಬರೆಯಿರಿ ಅಂದೆ. ಶನಿವಾರ ಬೇಡ, ಹಬ್ಬದ ದಿನ ಬೇಡ, ಸುಮ್ನೆ ಒಂದು ಮಂಗಳವಾರ.

ಗಂಡನ ಹಾಳೆ ಬೇಗ ತುಂಬಿತು. ಕೆಂಗೇರಿ ಬರೆದಾಗ ಅವರೇ ಗಾಬರಿಯಾದರು. ನೇರಳೆ ಮಾರ್ಗದ ಮೆಟ್ರೋ 2023ರ ಅಕ್ಟೋಬರ್‌ನಿಂದ ಚಲ್ಲಘಟ್ಟದಿಂದ ವೈಟ್‌ಫೀಲ್ಡ್ ಕಾಡುಗೋಡಿವರೆಗೆ ಒಂದೇ ಸಮ ಓಡುತ್ತಿದೆ ನಿಜ, ಆದರೆ ಅದು 43 ಕಿಲೋಮೀಟರ್‌ಗೂ ಜಾಸ್ತಿ ಉದ್ದದ ಮಾರ್ಗ. ಕೆಂಗೇರಿ ಒಂದು ತುದಿಯ ಹತ್ತಿರ, ಆಫೀಸು ಇನ್ನೊಂದು ತುದಿಯ ಹತ್ತಿರ. ರೈಲಿನಲ್ಲೇ ಒಂದು ಗಂಟೆ ದಾಟುತ್ತೆ. ಮನೆಯಿಂದ ಸ್ಟೇಷನ್‌ಗೆ, ಸ್ಟೇಷನ್‌ನಿಂದ ಆಫೀಸಿಗೆ ಅಂತ ಸೇರಿಸಿದರೆ ಒಂದು ಕಡೆಗೆ ಒಂದೂಮುಕ್ಕಾಲು ಗಂಟೆ, ವಾರಕ್ಕೆ 14 ಗಂಟೆ. ಮಗಳು ಒಂಬತ್ತಕ್ಕೆ ಮಲಗುವವಳು. ಊರಿನ ದಾರಿ ಹತ್ತಿರ ಆಗಲಿ ಅಂತ ಆರಿಸಿದ ಮನೆಯಲ್ಲಿ ಮಗಳನ್ನು ನೋಡಲು ಅರ್ಧ ಗಂಟೆಯೂ ಸಿಗಲ್ಲ.

ಹೆಂಡತಿಯ ಹಾಳೆ ಬೇರೆ ತರ ಇತ್ತು. ಊರಿನ ಮಂಗಳವಾರದಲ್ಲಿ ಜಾಗವೇ ಸಾಲದೆ ಪಕ್ಕದಲ್ಲೂ ಬರೆದಿದ್ದರು: ಅಂಗಳ, ಅತ್ತೆ ಜೊತೆ ಕಾಫಿ, ಶಾಲೆ, ಸ್ಟಾಫ್ ರೂಮಿನ ಗೆಳತಿಯರು, ಸಂಜೆ ಲೈನ್ ಮನೆಯ, ಅಂದ್ರೆ ತೋಟದ ಕೆಲಸದವರ ಮಕ್ಕಳಿಗೆ ಪಾಠ. ವೈಟ್‌ಫೀಲ್ಡ್ ಫ್ಲಾಟಿನ ಹಾಳೆಯಲ್ಲಿ ಬೆಳಿಗ್ಗೆ ಎಂಟರಿಂದ ಮಗಳು ಬರುವ ಮೂರೂವರೆವರೆಗೆ ಏನೂ ಇರಲಿಲ್ಲ. ಖಾಲಿ ಬಿಟ್ಟಿದ್ದರು. "ಏನು ಬರೀಲಿ ಮೇಡಂ, ಬಾಗಿಲು ಹಾಕ್ಕೊಂಡು ಕೂತಿರ್ತೀನಿ" ಅಂದರು. ಕೆಂಗೇರಿ ಬಗ್ಗೆ ಗಂಡನನ್ನು ಹೊರಗೆ ಕಳಿಸಿದ ಮೇಲೆ ಹೇಳಿದರು. ಓರಗಿತ್ತಿ ಒಳ್ಳೆಯವರೇ, ಹತ್ತಿರ ಇರಲಿ, ಆದರೆ ಒಂದೇ ಗೇಟು ಬೇಡ.

ಆ ಖಾಲಿ ಜಾಗ ನೋಡಿ ಗಂಡ ತುಂಬಾ ಹೊತ್ತು ಸುಮ್ಮನಿದ್ದರು. ಮಾರ್ಕೆಟ್, ಬಾಡಿಗೆ, ಪೆಟ್ರೋಲ್ ಎಲ್ಲ ಲೆಕ್ಕದಲ್ಲಿತ್ತು, ಇದು ಇರಲಿಲ್ಲ. ನಾನು ಅಂದಿದ್ದು ಇಷ್ಟೇ: ಬೆಳಿಗ್ಗೆ ಎದ್ದು ಹೊರಟು ಹೋಗುವವರು ಮನೆ ಆರಿಸುವುದಕ್ಕಿಂತ, ಹಗಲೆಲ್ಲ ಆ ಮನೆಯಲ್ಲಿ, ಆ ಬೀದಿಯಲ್ಲಿ ಇರುವವರು ಆರಿಸಲಿ. ಪೀಜಿ ಯೋಚನೆಯನ್ನು ಇಬ್ಬರೂ ತಾವಾಗಿಯೇ ಕೈಬಿಟ್ಟರು. ಅಪ್ಪ ಪೀಜಿಯಲ್ಲಿದ್ದರೆ ಮಗಳ ಮಂಗಳವಾರ ಹೇಗಿರುತ್ತೆ ಅಂತ ಅವಳ ಪರವಾಗಿ ಅಮ್ಮ ಬರೆಯುವಾಗ "ಅಪ್ಪ" ಅನ್ನುವ ಪದ ಎಲ್ಲೂ ಬರಲಿಲ್ಲ, ಅಷ್ಟು ಸಾಕಾಯಿತು.

ನಾನು ಕೊಟ್ಟ ಸಲಹೆ ಹೀಗಿತ್ತು. ತೋಟ ಮಾರುವ ಮಾತು ಒಂದು ವರ್ಷ ಎತ್ತಲೇಬೇಡಿ, ಮಾರಿದ ತೋಟ ವಾಪಸ್ ಬರಲ್ಲ. 11 ತಿಂಗಳ ಕರಾರಿನ ಬಾಡಿಗೆ ಮನೆ ಹಿಡಿಯಿರಿ, ತಪ್ಪಾದರೆ ಬಿಟ್ಟು ಬರಬಹುದು. ಮೊದಲು ಆಕೆಗೆ ಕೆಲಸ ಸಿಗುವ, ಮಗಳು ಓದುವ ಶಾಲೆ ಹುಡುಕಿ, ಆಮೇಲೆ ಅದರ ಸುತ್ತ ಮನೆ. ಭಾನುವಾರ ಕಾರಲ್ಲಿ ಹೋಗಿ ಮನೆ ನೋಡಬೇಡಿ, ಕೆಲಸದ ದಿನ ಬೆಳಿಗ್ಗೆ ಎಂಟಕ್ಕೆ ಆ ಮನೆ ಬಾಗಿಲಿಂದ ಆಫೀಸಿನ ಗೇಟಿನವರೆಗೆ ಒಂದು ಸಲ ಹೋಗಿ ನೋಡಿ. ನೀರು ಎಲ್ಲಿಂದ ಅಂತ ಮಾಲೀಕರನ್ನು ಮಾತ್ರ ಅಲ್ಲ, ಪಕ್ಕದ ಮನೆಯವರನ್ನೂ ಕೇಳಿ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ, ಟ್ಯಾಂಕರ್‌ಗೆ ಕಾದ ಬಡಾವಣೆಗಳು ಎಷ್ಟೋ. ತಲಕಾವೇರಿಯ ಜಿಲ್ಲೆಯಲ್ಲಿ ಹುಟ್ಟಿದ ಹೆಣ್ಣುಮಗಳಿಗೆ ಬಕೆಟ್ ಲೆಕ್ಕದ ನೀರು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಹಾಗಾಗಿ ಕಾವೇರಿ ನೀರಿನ ಕನೆಕ್ಷನ್ ಇರುವ ಮನೆಯೇ ಆಗಲಿ ಅಂದೆ.

ಆಫೀಸಿನ ಹತ್ತಿರವೇ, ಆದರೆ ಜನ ಓಡಾಡುವ ಹಳೇ ಬೀದಿಯೊಂದು ಸಿಗಬಹುದು ಅಂತ ನನ್ನ ಮನಸ್ಸಿನಲ್ಲಿತ್ತು. ಆಕೆ ಹೋಗಿ ನಾಲ್ಕು ಕಡೆ ನಡೆದು ನೋಡಿ ಬಂದು ಬೇರೆಯದೇ ಹೇಳಿದರು. ಬೆಂಗಳೂರಿನದೇ ವಿಜಯನಗರ. ನೆಲಮಹಡಿ ಮನೆ, ಹತ್ತು ಹೆಜ್ಜೆಗೆ ಹೂವಿನವರು, ತರಕಾರಿಯವರು, ಕನ್ನಡದ ಮಾತು. ಸುತ್ತಮುತ್ತ ಶಾಲೆಗಳು ಬೇಕಾದಷ್ಟು. ಕೆಂಗೇರಿಯ ಓರಗಿತ್ತಿ ಅದೇ ಮೆಟ್ರೋ ಮಾರ್ಗದಲ್ಲಿ. ಎರಡನೇ ಸ್ಟೇಷನ್ ದೀಪಾಂಜಲಿನಗರದಲ್ಲಿ ಇಳಿದರೆ ಸ್ಯಾಟಲೈಟ್ ಬಸ್ ನಿಲ್ದಾಣ ಹತ್ತಿರ, ಅಲ್ಲಿಂದ ಮಡಿಕೇರಿ ಬಸ್ಸು. ಗಂಡನಿಗೆ ಒಂದು ಕಡೆಗೆ ಒಂದೂಕಾಲು ಗಂಟೆ ಆಗುತ್ತೆ. ವಾರಕ್ಕೆ ಹತ್ತು ಗಂಟೆ ದಾರಿಯಲ್ಲೇ, ಆಫೀಸಿನ ಪಕ್ಕದ ಫ್ಲಾಟಾಗಿದ್ದರೆ ಅದರಲ್ಲಿ ಬಹುಪಾಲು ಉಳಿಯುತ್ತಿತ್ತು. ಇದು ಸಣ್ಣ ವಿಷಯ ಅಲ್ಲ, ಆರು ತಿಂಗಳಲ್ಲಿ ಸುಸ್ತು ಕಾಣಿಸುತ್ತೆ ಅಂತ ಮುಚ್ಚುಮರೆ ಇಲ್ಲದೆ ಹೇಳಿದೆ. ಬೆಳಿಗ್ಗೆ ಏಳಕ್ಕೇ ಹೊರಟು ಸಂಜೆ ಆರೂವರೆಗೆ ಮನೆ ಸೇರುವಂತೆ ಮ್ಯಾನೇಜರ್ ಹತ್ತಿರ ಮಾತಾಡಿ, ಒಪ್ಪಿದರೆ ಮಾತ್ರ ಅಡ್ವಾನ್ಸ್ ಕೊಡಿ ಅಂದೆ. ಮ್ಯಾನೇಜರ್ ಒಪ್ಪಿದರು.

ಉಳಿದಿದ್ದು ಅಪ್ಪ ಅಮ್ಮ. ಮುಂದಿನ ಸಲ ಅವರನ್ನೂ ಕರೆಸಿದೆ. ಅತ್ತೆ ಬೆಂಗಳೂರಿಗೆ ಬರುವ ಮಾತೇ ಇಲ್ಲ ಅಂದರು. ಅಪ್ಪನಿಗೆ 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದ ಮೇಲೆ ಮಳೆಗಾಲದಲ್ಲಿ ನಿದ್ದೆ ಕಡಿಮೆ. ಮಗನ ಭಯ ಇದ್ದದ್ದೂ ಅಲ್ಲೇ. ವಾರ ವಾರ ಬರುವ ಮಾತು ಆ ಭಯದಿಂದ ಬಂದದ್ದು. ಐದಾರು ಗಂಟೆಯ ಬಸ್ಸು, ಹೋಗಿ ಬರಲು ಹತ್ತು ಹನ್ನೆರಡು ಗಂಟೆ, ಅದನ್ನು ಎಷ್ಟು ವಾರ ಮಾಡುತ್ತೀರಿ? ಆ ಮಾತನ್ನು ಅಪ್ಪನ ಎದುರಿಗೇ ವಾಪಸ್ ತೆಗೆದುಕೊಳ್ಳಿ ಅಂದೆ. ಮಗ ತಲೆ ತಗ್ಗಿಸಿಕೊಂಡೇ ಹೇಳಿದರು. ಅಪ್ಪ ತಕ್ಷಣ ಅಂದರು: "ನೀನು ರಾತ್ರಿ ಬಸ್ಸಲ್ಲಿದ್ದೀಯ ಅಂದ್ರೆ ನಂಗೆ ಬೆಳಗಿನ ತನಕ ನಿದ್ದೆ ಬರಲ್ಲ ಮಗ. ತಿಂಗಳಿಗೊಂದು ಸಲ ಬಾ. ಕಾಫಿ ಕುಯ್ಲಿಗೆ ನಾಲ್ಕು ದಿನ ರಜೆ ಹಾಕಿ ಬಾ, ಸಾಕು."

ಹಾಗೇ ಬರೆದುಕೊಂಡೆವು. ತಿಂಗಳಿಗೊಂದು ಸಲ ಊರು, ಕೊಡಗಿನ ಸುಗ್ಗಿ ಹಬ್ಬ ಹುತ್ತರಿಗೆ ಎಲ್ಲರೂ, ಕುಯ್ಲಿಗೆ ಮಗನ ರಜೆ. ಮೇ ಮುಗಿಯುವುದರೊಳಗೆ ಅಪ್ಪ ಅಮ್ಮನ ಮಾತ್ರೆ ಎರಡು ತಿಂಗಳಿಗೆ ಆಗುವಷ್ಟು ಮನೆಯಲ್ಲಿರಬೇಕು. ಮಳೆಗೆ ಕರೆಂಟು, ನೆಟ್‌ವರ್ಕ್ ಹೋದರೆ ಮನೆಗೆ ಹೋಗಿ ನೋಡಿ ಬರಲು ಪಕ್ಕದ ತೋಟದವರ ಒಪ್ಪಿಗೆ, ಅವರ ಹತ್ತಿರ ಒಂದು ಬೀಗದ ಕೈ. ಮಳೆ ಜೋರಾಗಿ ಅಧಿಕಾರಿಗಳು ಜಾಗ ಬಿಡಿ ಅಂದರೆ ವಾದ ಮಾಡದೆ ಕುಶಾಲನಗರದ ನೆಂಟರ ಮನೆಗೆ ಹೋಗುವುದು. ಇದಕ್ಕೆ ಅಪ್ಪನ ಕೈಯಲ್ಲೇ ಹೂಂ ಅನ್ನಿಸಿದೆವು.

ಜೂನ್‌ನಲ್ಲಿ ಹೋದರು. ಸೆಪ್ಟೆಂಬರ್‌ನ ಕೈಲ್ ಮುಹೂರ್ತ ಹಬ್ಬಕ್ಕೆ ಬಂದಾಗ ಗಂಡ ಹೆಂಡತಿ ನನ್ನನ್ನು ನೋಡಿ ಹೋದರು. ಗಂಡನಿಗೆ ಗುರುವಾರ ಬಂದರೆ ಸುಸ್ತು, ಅದು ನಿಜವೇ ಆಗಿದೆ, ಆ ದಿನ ಮನೆಯಿಂದಲೇ ಕೆಲಸ ಮಾಡಲು ಕೇಳುತ್ತಿದ್ದಾರೆ. ಆಕೆಗೆ ಎರಡು ಬೀದಿ ಆಚೆ ಶಾಲೆಯಲ್ಲಿ ಕೆಲಸ ಸಿಕ್ಕಿದೆ. ನಾನು ಕೇಳದೆಯೇ ಬ್ಯಾಗಿನಿಂದ ಹಾಳೆ ತೆಗೆದು ತೋರಿಸಿದರು, ವಿಜಯನಗರದ ಒಂದು ಮಂಗಳವಾರ. ಮೂರೂವರೆವರೆಗೆ ತುಂಬಿತ್ತು. ನಾಲ್ಕರಿಂದ ಐದರವರೆಗಿನ ಜಾಗದಲ್ಲಿ "ಅತ್ತೆಗೆ ಫೋನ್" ಅಂತ ಬರೆದಿದ್ದರು.